ಪುಲ್ಲಿಂಗವಿಲ್ಲದ ಒಂದು ಪದ

ಮೂವತ್ತು ವರ್ಷಗಳಷ್ಟು ಕಾಲ ನಾನು ಹೈಸ್ಕೂಲಿನ ಮಕ್ಕಳಿಗೆ ಕನ್ನಡ ವ್ಯಾಕರಣವನ್ನು ಕಲಿಸಿದವನು. ತತ್ಸಮ ತದ್ಭವಗಳ ಪಾಠ ಬಂದಾಗ ಕರಿಹಲಗೆಯ ಎಡಕ್ಕೆ ಸಂಸ್ಕೃತದ ರೂಪವನ್ನೂ ಬಲಕ್ಕೆ ಕನ್ನಡದ ರೂಪವನ್ನೂ ಬರೆಯುವುದು ನನ್ನ ರೂಢಿ. ಸಂಧ್ಯಾ, ಸಂಜೆ, ವಂಧ್ಯಾ, ಬಂಜೆ. ಎರಡೂ ಒಂದೇ ನಿಯಮಕ್ಕೆ ಒಳಪಟ್ಟ ಮಾತುಗಳಾದ್ದರಿಂದ ಒಂದರ ಕೆಳಗೊಂದನ್ನು ಬರೆದರೆ ಮಕ್ಕಳಿಗೆ ಬೇಗ ಮನದಟ್ಟಾಗುತ್ತದೆ. 1995ನೆಯ ಇಸವಿಯಲ್ಲಿ ಒಂದು ದಿನ ಹೀಗೆಯೇ ಬರೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಬಂಜಿ ಅಂದ್ರ ಹೆಣ್ಮಗಳು. ಗಂಡಸಿಗಿ ಏನಂತಾರ್ರಿ?” ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಅವನನ್ನು ಗದರಿಸಿ ಕೂರಿಸಿದೆ.

ಹುಡುಗ ಕುಚೋದ್ಯಕ್ಕೆ ಕೇಳಿರಲಿಲ್ಲ. ಕೇಳಿದ್ದು ಸರಿಯಾದ ಪ್ರಶ್ನೆ. ಸಂಸ್ಕೃತದಲ್ಲಿ ವಂಧ್ಯ ಎಂಬ ಪುಲ್ಲಿಂಗರೂಪವೂ ಉಂಟು. ಫಲವಿಲ್ಲದ್ದು ಎಂದು ಅದರ ಅರ್ಥ. ಕನ್ನಡ ಮಾತ್ರ ಆ ಜೋಡಿಯಲ್ಲಿ ಹೆಣ್ಣುರೂಪವನ್ನಷ್ಟೇ ಆಡುಮಾತಿಗೆ ತಂದುಕೊಂಡು ಗಂಡುರೂಪವನ್ನು ಹೊರಗೇ ಬಿಟ್ಟಿತು. ಮಕ್ಕಳಿಲ್ಲದ ಗಂಡಸನ್ನು ಹಳಿಯಬೇಕೆಂದರೆ ಜನ ನಪುಂಸಕನೆಂದೋ ಷಂಡನೆಂದೋ ಅನ್ನುತ್ತಾರೆ. ಅವು ಬೇರೊಂದು ಕೊರತೆಯ ಹೆಸರುಗಳು. ಮೀಸೆ ಹೊತ್ತು, ರಂಟೆ ಹೂಡಿ, ಸಂಸಾರಸುಖವನ್ನೂ ಅನುಭವಿಸುವ ಗಂಡಸಿನ ವೀರ್ಯದಲ್ಲಿ ಬೀಜವೇ ಇಲ್ಲದಿರಬಹುದು. ಅಂಥವನಿಗೆ ನಮ್ಮ ಊರಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದನ್ನು ಜನ ನೋಡಲಾರರು, ಕೇಳಲಾರರು. ಆ ದಿನ ನಾನು ಹುಡುಗನ ಬಾಯಿ ಮುಚ್ಚಿಸಿದ್ದಕ್ಕೆ ಕಾರಣವಿತ್ತು. ಅವನ ಪ್ರಶ್ನೆಗೆ ಉತ್ತರ ನನ್ನ ಮನೆಯಲ್ಲೇ ಇತ್ತು, ಅದು ನನಗೆ ಆಗಲೇ ಎರಡು ವರ್ಷದಿಂದ ತಿಳಿದಿತ್ತು.

ನಮ್ಮೂರು ನೆಲೋಗಿ, ಜೇವರ್ಗಿ ತಾಲ್ಲೂಕಿನದು. 2004ರಿಂದ 2006ರವರೆಗೆ ನಾಡಿನ ಮುಖ್ಯಮಂತ್ರಿಗಳಾಗಿದ್ದ ಧರ್ಮಸಿಂಗ್ ಅವರು ಹುಟ್ಟಿದ ಊರೆಂದು ಹೊರಗಿನವರು ಇದನ್ನು ಬಲ್ಲರು. ಕರಿನೆಲ, ತೊಗರಿ, ಬಿಳಿಜೋಳ, ಉತ್ತರಕ್ಕೆ ಭೀಮೆ. ಹೊಳೆಯಾಚೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಅಮರ್ಜೆ ಬಂದು ಕೂಡುತ್ತಾಳೆ. ಆ ಸಂಗಮದ ಅಶ್ವತ್ಥವನ್ನು ಸೇವಿಸಿ ಅರವತ್ತು ವರ್ಷದ ಬಂಜೆಯೊಬ್ಬಳು ಮಕ್ಕಳನ್ನು ಪಡೆದಳೆಂದು ಗುರುಚರಿತ್ರೆ ಹೇಳುತ್ತದೆ. ಇಂದಿಗೂ ನಮ್ಮ ಸೀಮೆಯ ಹೆಣ್ಣುಮಕ್ಕಳು ಅಲ್ಲಿ ಪ್ರದಕ್ಷಿಣೆ ಹಾಕುತ್ತಾರೆ, ಗಿಡದ ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಯಾರ ನಂಬಿಕೆಯನ್ನೂ ಅಲ್ಲಗಳೆಯಲು ನಾನು ಈ ಮಾತು ಎತ್ತಲಿಲ್ಲ. ಮಗುವಿಗಾಗಿ ಹಾಗೆ ಗಿಡ ಸುತ್ತುವ ಗಂಡಸರನ್ನು ನಾನು ಕಂಡದ್ದು ಅಪರೂಪ; ಅಷ್ಟನ್ನು ಮಾತ್ರ ಓದುಗರ ಗಮನಕ್ಕೆ ತರುತ್ತೇನೆ.

ನನ್ನ ಅತ್ತಿಗೆ ಆ ಗಿಡವನ್ನು ಹನ್ನೆರಡು ವರ್ಷ ಸುತ್ತಿದಳು. ಅಣ್ಣ 1954ರಲ್ಲಿ ಹುಟ್ಟಿದವನು, ನನಗಿಂತ ಐದು ವರ್ಷ ಹಿರಿಯ. 1976ರಲ್ಲಿ ಅವನ ಮದುವೆಯಾಯಿತು. ಅತ್ತಿಗೆಗೆ ಆಗ ಹತ್ತೊಂಬತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು. ಅವಳು ಗಾಣಗಾಪುರಕ್ಕೆ ನಡೆದಳು, ಕಲಬುರಗಿಯ ಶರಣಬಸವೇಶ್ವರನ ತೇರಿಗೆ ಹರಕೆ ಹೊತ್ತಳು, ಬಂದೇ ನವಾಜರ ದರ್ಗಾಕ್ಕೂ ಹೋಗಿ ಬಂದಳು. ದೇವರು ಮುಗಿದ ಮೇಲೆ ವೈದ್ಯರು. ಎರಡು ಬಾರಿ ಅವಳ ಗರ್ಭಕೋಶವನ್ನು ಕೆರೆದು ಸ್ವಚ್ಛಮಾಡಿದರು. ದೋಷವೇನೂ ಕಾಣಲಿಲ್ಲವೆಂದು ಚೀಟಿ ಬರೆದುಕೊಟ್ಟರು. ಅಷ್ಟು ಜನ ವೈದ್ಯರಲ್ಲಿ ಒಬ್ಬರಾದರೂ “ಗಂಡನನ್ನು ಕರೆದುಕೊಂಡು ಬಾ” ಎನ್ನಲಿಲ್ಲ. ನಾವೂ ಕೇಳಲಿಲ್ಲ.

1988ರಲ್ಲಿ ಅಣ್ಣನಿಗೆ ಎರಡನೆಯ ಮದುವೆ ಮಾಡಿದರು. ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕೈಹಿಡಿಯಬಾರದೆಂದು 1955ರ ಹಿಂದೂ ವಿವಾಹ ಕಾಯಿದೆ ಸ್ಪಷ್ಟವಾಗಿ ಹೇಳಿದೆ. ನಾನು ಶಿಕ್ಷಕ, ಅದನ್ನು ಬಲ್ಲವನು. ಬಲ್ಲವನಾಗಿಯೂ ಹಂದರದಲ್ಲಿ ನಿಂತು ಅಕ್ಷತೆ ಹಾಕಿದೆ, ಹೋಳಿಗೆ ಉಂಡೆ. ಅತ್ತಿಗೆ ಅದೇ ವಾರ ಒಂದು ಟ್ರಂಕು ಹಿಡಿದು ಅಫಜಲಪುರ ತಾಲ್ಲೂಕಿನ ತನ್ನ ತವರಿಗೆ ಹೋದಳು. ಹೊಸಬಳು ಬಂದು ಐದು ವರ್ಷವಾದರೂ ತೊಟ್ಟಿಲು ತೂಗಲಿಲ್ಲ. ಅವಳೂ ಬಂಜೆಯೆಂದರು. ಒಂದೇ ಮನೆಗೆ ಇಬ್ಬರು ಬಂಜೆಯರು ಬಂದರೆಂಬ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ನನಗೆ ತೋರಿದ್ದು ಆಗ. ಅದು ತೋರಲು ಹದಿನೇಳು ವರ್ಷ ಬೇಕಾಯಿತು. 1993ರಲ್ಲಿ ಅಣ್ಣನನ್ನು ಒಪ್ಪಿಸಿ ದೂರದ ಊರೊಂದರ ವೈದ್ಯರ ಬಳಿಗೆ ಕರೆದೊಯ್ದೆ.

ವೀರ್ಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪರೀಕ್ಷೆ ಅರ್ಧ ಗಂಟೆಯ ಕೆಲಸ. ಹಾಲೆಂಡಿನ ಲೀವನ್‌ಹುಕ್ ತಾನು ತೇಯ್ದ ಗಾಜಿನಲ್ಲಿ ವೀರ್ಯಾಣುಗಳನ್ನು ಕಂಡದ್ದು 1677ರಲ್ಲಿ. ಆ ಕಾಣ್ಕೆ ನಮ್ಮ ಮನೆಯನ್ನು ಮುಟ್ಟಲು ಮುನ್ನೂರ ಹದಿನಾರು ವರ್ಷ ಹಿಡಿಯಿತು. ಅಣ್ಣನ ವೀರ್ಯದಲ್ಲಿ ಅಣುಗಳು ಒಂದೂ ಇರಲಿಲ್ಲ. ವೈದ್ಯರು ಅವನನ್ನು ಮಲಗಿಸಿ ಮೈ ಪರೀಕ್ಷಿಸಿದರು. ಎರಡೂ ವೃಷಣಗಳು ಚೀಲಕ್ಕೆ ಇಳಿದೇ ಇರಲಿಲ್ಲ. “ಇದು ಹುಟ್ಟಿದಂದಿನಿಂದ ಇರುವ ಸಂಗತಿ. ಮೊದಲ ಒಂದೂವರೆ ವರ್ಷದೊಳಗೆ ಯಾರಾದರೂ ತೋರಿಸಿದ್ದರೆ ಬೇರೆ ಮಾತಾಗುತ್ತಿತ್ತು” ಎಂದರು. ಮೂವತ್ತೊಂಬತ್ತು ವರ್ಷದ ಅಣ್ಣ ಬಟ್ಟೆ ಸರಿಪಡಿಸಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತ. ಊರು ಸೇರುವವರೆಗೂ ಮಾತಾಡಲಿಲ್ಲ.

ಆ ರಾತ್ರಿ ನಾನು ಅವ್ವನನ್ನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಎರಿಯೋವಾಗ ನೋಡಿದ್ದೆ ತಮ್ಮಾ. ಚೀಲ ಖಾಲೀನೇ ಇತ್ತು. ನಿಮ್ಮಜ್ಜಿ ಅಂದಳು, ಗಂಡುಮಗ ಅವ, ದೊಡ್ಡವ ಆದಂಗ ತಾನೇ ಇಳೀತಾವ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ನಾ ಬಿಡಲಿಲ್ಲ.” ಸೊಸೆಯನ್ನು ಬಂಜೆಯೆಂದು ಅಂದಾಗಲೂ ಅವಳಿಗೆ ಆ ಖಾಲಿ ಚೀಲ ನೆನಪಾಗಲಿಲ್ಲವೆ? ಆಗಿರಲಿಕ್ಕಿಲ್ಲವೆಂದೇ ನಾನು ನಂಬುತ್ತೇನೆ. ಎರಡನ್ನೂ ಜೋಡಿಸಿ ತೋರಿಸುವ ಮಾತನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅವಳನ್ನು ದೂರುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. 1954ರಲ್ಲಿ ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದ ನೆರಳಿನಿಂದ ಆಗತಾನೇ ಹೊರಬಂದಿತ್ತು. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು 1963ರಲ್ಲಿ. ಆಗ ಅಣ್ಣನಿಗೆ ಒಂಬತ್ತು ವರ್ಷ ಕಳೆದಿತ್ತು.

ಆಮೇಲೆ ನಾನು ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದ ವೈದ್ಯರನ್ನು ಕೇಳಿದೆ. ತಿಳಿದುಬಂದದ್ದನ್ನು ಇಲ್ಲಿ ಸರಳವಾಗಿ ಒಪ್ಪಿಸುತ್ತೇನೆ.

ಗಂಡುಶಿಶುವಿನ ವೃಷಣಗಳು ಮೊದಲು ಹೊಟ್ಟೆಯೊಳಗೆ ಮೂತ್ರಪಿಂಡಗಳ ಸಮೀಪದಲ್ಲಿ ರೂಪುಗೊಳ್ಳುತ್ತವೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ಹಾದಿಯಾಗಿ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಆ ಇಳಿತಕ್ಕೆ ದಾರಿತೋರುವ ಹುರಿಯನ್ನು ಹದಿನೆಂಟನೆಯ ಶತಮಾನದಲ್ಲಿ ವಿವರಿಸಿ, ಹಡಗಿನ ಚುಕ್ಕಾಣಿಯ ಲ್ಯಾಟಿನ್ ಹೆಸರನ್ನು ಅದಕ್ಕೆ ಕೊಟ್ಟವನು ಜಾನ್ ಹಂಟರ್ ಎಂಬ ಶಸ್ತ್ರವೈದ್ಯ. ಒಡಲ ಹೊರಗೆ ಹೀಗೆ ತೂಗುಬೀಳುವುದಕ್ಕೆ ಕಾರಣವುಂಟು. ವೀರ್ಯಾಣುಗಳು ಹುಟ್ಟಿ ಬೆಳೆಯಲು ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ತುಂಬು ತಿಂಗಳಿಗೆ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಎರಡರಿಂದ ನಾಲ್ಕು ಮಕ್ಕಳಿಗೆ ಒಂದೋ ಎರಡೋ ವೃಷಣ ಇಳಿದಿರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಸಂಖ್ಯೆ ನೂರಕ್ಕೆ ಮೂವತ್ತರ ಸಮೀಪಕ್ಕೆ ಹೋಗುತ್ತದೆ. ಇವರಲ್ಲಿ ಬಹುಮಂದಿಗೆ ಮೊದಲ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ನನ್ನ ಅಜ್ಜಿಯ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿತ್ತು. ಆರು ತಿಂಗಳು ಕಳೆದ ಮೇಲೂ ಇಳಿಯದಿದ್ದರೆ ಇನ್ನು ಇಳಿಯುವುದೆಂಬ ಆಸೆ ಬಹಳ ಕಡಿಮೆ; ಆ ಗಡಿಯನ್ನು ಅಜ್ಜಿ ಅರಿಯಳು.

ಗಡಿಗೆ ಇಷ್ಟು ಬೆಲೆ ಏಕೆಂದರೆ, ಮುಂದೆ ವೀರ್ಯಾಣುಗಳನ್ನು ಹೆರಬೇಕಾದ ಮೂಲಕೋಶಗಳು ಮಗುವಿನ ಮೊದಲ ವರ್ಷದಲ್ಲಿಯೇ ಒಂದು ಹಂತವನ್ನು ದಾಟಬೇಕು. ಬಿಸಿಯಲ್ಲಿ ಉಳಿದರೆ ಅವು ಆ ಹಂತವನ್ನು ಸರಿಯಾಗಿ ದಾಟಲಾರದೆ ವರ್ಷದಿಂದ ವರ್ಷಕ್ಕೆ ಕ್ಷಯಿಸುತ್ತವೆ. ಆದಕಾರಣ ಆರು ತಿಂಗಳಿಗೂ ಹದಿನೆಂಟು ತಿಂಗಳಿಗೂ ನಡುವೆ ಸಣ್ಣ ಶಸ್ತ್ರಕ್ರಿಯೆಯಿಂದ ವೃಷಣವನ್ನು ಚೀಲಕ್ಕಿಳಿಸಿ ಹೊಲಿದುಬಿಡಬೇಕೆಂಬುದು ಇಂದಿನ ವೈದ್ಯರ ನಿಲುವು. ಎಡಿನ್‌ಬರೋದ ಥಾಮಸ್ ಅನಂಡೇಲ್ 1877ರಲ್ಲಿ ಇದನ್ನು ಸಫಲವಾಗಿ ಮಾಡಿದ, ಹೊಸ ವಿದ್ಯೆಯೇನಲ್ಲ. ಒಂದು ಕಡೆ ಮಾತ್ರ ಇಳಿಯದಿದ್ದು ಶಸ್ತ್ರಕ್ರಿಯೆ ಮಾಡಿಸಿಕೊಂಡ ಹುಡುಗರು ದೊಡ್ಡವರಾದಾಗ ನೂರಕ್ಕೆ ಸುಮಾರು ತೊಂಬತ್ತು ಜನ ತಂದೆಯರಾಗುತ್ತಾರೆ; ಇದು ಉಳಿದ ಗಂಡಸರ ಪ್ರಮಾಣಕ್ಕೆ ಬಹಳ ಹತ್ತಿರ. ಎರಡೂ ಕಡೆ ಇಳಿಯದಿದ್ದವರಲ್ಲಿ, ಶಸ್ತ್ರಕ್ರಿಯೆಯಾದರೂ, ಸುಮಾರು ಅರವತ್ತೈದು ಜನ. ಏನೂ ಮಾಡಿಸದೆ ಎರಡೂ ಒಳಗೇ ಉಳಿದರೆ ಸ್ವಾಭಾವಿಕವಾಗಿ ಮಗುವಾಗುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಮೇಲೆ ಉಳಿದ ವೃಷಣಕ್ಕೆ ಮುಂದೆ ಕ್ಯಾನ್ಸರ್ ತಗಲುವ ಭಯವೂ ಹೆಚ್ಚು. ಬಾಲ್ಯದಲ್ಲೇ ಇಳಿಸಿದರೆ ಅದು ಕುಗ್ಗುತ್ತದೆ, ಗಂಟೇನಾದರೂ ಎದ್ದರೆ ಕೈಗೆ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಓದಿದಾಗ ನನಗೆ ಅಣ್ಣನ ಮೀಸೆ ನೆನಪಾಯಿತು. ವೃಷಣಕ್ಕೆ ಎರಡು ಕೆಲಸಗಳುಂಟು. ಗಂಡುತನದ ರಸವನ್ನು ನೆತ್ತರಿಗೆ ಬಿಡುವುದು ಒಂದು, ವೀರ್ಯಾಣುಗಳನ್ನು ಮಾಡುವುದು ಇನ್ನೊಂದು. ಈ ಕೆಲಸಗಳನ್ನು ಮಾಡುವ ಕೋಶಗಳೂ ಬೇರೆ ಬೇರೆ. ಮೊದಲನೆಯ ಬಗೆಯವು ಬಿಸಿಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಎರಡನೆಯವು ತಾಳವು. ಅಣ್ಣನಿಗೆ ದನಿ ಒಡೆಯಿತು, ಮೀಸೆ ಬಂತು, ಹೆಗಲು ಹರಡಿತು. ನೋಡಿದವರಿಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಪೌರುಷವೂ ಫಲವಂತಿಕೆಯೂ ಒಂದೇ ಎಂದು ನಮ್ಮ ಜನ ನಂಬಿದ್ದಾರೆ. ಆ ನಂಬಿಕೆಯ ದೆಸೆಯಿಂದ ಗಂಡಸರು ಪರೀಕ್ಷೆಗೆ ಹೆದರುತ್ತಾರೆ, ಹೆಂಗಸರು ಗಿಡ ಸುತ್ತುತ್ತಾರೆ.

ಹುಡುಗರ ಬಾಲ್ಯದಲ್ಲಿ ಮುಂದಿನ ಸಂತಾನವನ್ನು ತಟ್ಟಬಲ್ಲ ಬೇರೆ ಸಂಗತಿಗಳೂ ಇವೆ. ಮಂಗನಬಾವನ್ನು ಎಲ್ಲರೂ ಬಲ್ಲರು. ನನಗೂ ಎಂಟನೆಯ ವಯಸ್ಸಿನಲ್ಲಿ ಬಂದಿತ್ತು. ಗಲ್ಲಕ್ಕೆ ಕೆಮ್ಮಣ್ಣು ಬಳಿದುಕೊಂಡು ಒಂದು ವಾರ ಶಾಲೆ ತಪ್ಪಿಸಿದೆ. ಈ ಬಾವು ಬಂದ ಹುಡುಗನಿಗೆ ಮಕ್ಕಳಾಗುವುದಿಲ್ಲವೆಂದು ಹೇಳಿ ವರನನ್ನು ತಿರಸ್ಕರಿಸಿದ ಪ್ರಸಂಗಗಳನ್ನು ಕೇಳಿದ್ದೇನೆ. ಆ ಭಯ ಅತಿಯಾದದ್ದು. ಎಳೆಯ ಹುಡುಗರಲ್ಲಿ ಈ ರೋಗ ವೃಷಣಕ್ಕೆ ಇಳಿಯುವುದು ವಿರಳ. ಪ್ರಾಯಕ್ಕೆ ಬಂದ ಮೇಲೆ ತಗಲಿದರೆ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯಲ್ಲಿ ವೃಷಣ ಊದಿಕೊಳ್ಳುತ್ತದೆ, ಹೆಚ್ಚಾಗಿ ಒಂದೇ ಕಡೆ. ಹಾಗೆ ಊದಿದ ಕೆಲವು ಮುಂದೆ ಕುಗ್ಗಬಹುದು. ಪೂರ್ಣ ಬಂಜೆತನ ಮಾತ್ರ ಅಪರೂಪ. 1963ರಲ್ಲಿ ಅಮೆರಿಕದ ಮಾರಿಸ್ ಹಿಲ್ಲೆಮನ್ ತನ್ನ ಐದು ವರ್ಷದ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂದಾಗ ಅವಳ ಗಂಟಲಿನ ದ್ರವವನ್ನು ಬಳಿದು ಪ್ರಯೋಗಶಾಲೆಗೆ ಒಯ್ದ. ಅದರಿಂದ ಮಾಡಿದ ಲಸಿಕೆ 1967ರಲ್ಲಿ ಬಳಕೆಗೆ ಬಂತು; ಮಗಳ ಹೆಸರೇ ಆ ತಳಿಗೆ ನಿಂತಿತು. ನಮ್ಮ ನಾಡಿನಲ್ಲಿ 2017ರ ಫೆಬ್ರವರಿಯಲ್ಲಿ ಸರ್ಕಾರ ಆರಂಭಿಸಿದ ದಡಾರ ರುಬೆಲ್ಲಾ ಲಸಿಕೆಯಲ್ಲಿ ಮಂಗನಬಾವಿನ ಭಾಗ ಸೇರಿರಲಿಲ್ಲ. ಮೂರನ್ನೂ ಕೂಡಿಸಿದ ಲಸಿಕೆಯನ್ನು ಮಕ್ಕಳ ವೈದ್ಯರು ಶಿಫಾರಸು ಮಾಡುತ್ತಾರೆ. ಕೇಳಿ ಹಾಕಿಸುವುದು ಒಳ್ಳೆಯದು.

ನಮ್ಮ ಸೀಮೆಗೆ ವಿಶೇಷವಾಗಿ ಸೇರಿದ್ದು ಆನೆಕಾಲು ರೋಗ. ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ ಇವೆಲ್ಲ ಅದು ನೆಲೆಯೂರಿದ ಜಿಲ್ಲೆಗಳು. ಕೊಳಚೆನೀರಿನ ಸೊಳ್ಳೆ ಕಚ್ಚಿದಾಗ ಹುಳುವಿನ ಮರಿ ಮೈಸೇರುತ್ತದೆ, ಬಹುತೇಕ ಬಾಲ್ಯದಲ್ಲಿಯೇ. ದಾರದಂಥ ಹುಳುಗಳು ದುಗ್ಧನಾಳಗಳಲ್ಲಿ, ಗಂಡಸರಲ್ಲಿ ಹೆಚ್ಚಾಗಿ ವೃಷಣದ ಸುತ್ತಲಿನ ನಾಳಗಳಲ್ಲಿ, ವರ್ಷಗಟ್ಟಲೆ ಸದ್ದಿಲ್ಲದೆ ಬಾಳುತ್ತವೆ. ಹುಡುಗನ ಮೇಲೆ ಹೊರಗೇನೂ ತೋರುವುದಿಲ್ಲ. ಪ್ರಾಯ ಕಳೆದ ಮೇಲೆ ಚೀಲದಲ್ಲಿ ನೀರು ತುಂಬಿ ಬಾವು ಬರುತ್ತದೆ. ನಮ್ಮ ಕಡೆ ಅಂಥ ಬಾವನ್ನು ಧೋತರದ ಮರೆಯಲ್ಲಿ ಹೊತ್ತು ಬಾಳು ಸವೆಸಿದ ಎಷ್ಟೋ ಒಕ್ಕಲಿಗರನ್ನು ನಾನು ಬಲ್ಲೆ. ಅದರಿಂದ ನೇರವಾಗಿ ಬಂಜೆತನ ಬರುವುದೆಂದು ಹೇಳಲಾಗದು. ದೊಡ್ಡದಾದ ನೀರುಬಾವು ವೃಷಣವನ್ನು ಒತ್ತುತ್ತದೆ, ಬೆಚ್ಚಗಾಗಿಸುತ್ತದೆ, ಸಂಸಾರಸುಖಕ್ಕೂ ಅಡ್ಡಿಯಾಗುತ್ತದೆ. 2004ರಿಂದ ಈಚೆಗೆ ಈ ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ಗುಳಿಗೆ ಹಂಚಿದ್ದಾರೆ. ಮೂರು ಔಷಧಗಳನ್ನು ಕೂಡಿಸಿ ಕೊಡುವ ಹೊಸ ಕ್ರಮವನ್ನು ದೇಶದಲ್ಲಿ ಮೊದಲು ಕೈಗೊಂಡ ಕೆಲವೇ ಜಿಲ್ಲೆಗಳಲ್ಲಿ ನಮ್ಮ ನೆರೆಯ ಯಾದಗಿರಿ ಒಂದು. ಗುಳಿಗೆಯನ್ನು ತೆಗೆದುಕೊಂಡು, ಹಂಚುವವರು ತಿರುಗಿದ ಮೇಲೆ ಹಿತ್ತಲಿಗೆ ಎಸೆದವರನ್ನು ಕಂಡಿದ್ದೇನೆ. ಎಸೆದದ್ದು ತಮ್ಮ ಮಗನ ನಾಳೆಯ ಆರೋಗ್ಯವೆಂದು ಅವರಿಗೆ ತಿಳಿಸಿ ಹೇಳಿದವರು ಕಡಿಮೆ.

ಶಿಕ್ಷಕರು ಮರೆಯಬಾರದ ಇನ್ನೊಂದುಂಟು. ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಹುಡುಗರಲ್ಲಿ ವೃಷಣವು ತಾನು ತೂಗುವ ಹುರಿಯ ಮೇಲೆಯೇ ಒಮ್ಮೆಲೆ ತಿರುಚಿಕೊಳ್ಳುವುದುಂಟು. ನೆತ್ತರ ಹರಿವು ನಿಲ್ಲುತ್ತದೆ. ತಡೆಯಲಾರದ ನೋವು, ವಾಂತಿ. ಆರು ಗಂಟೆಗಳ ಒಳಗೆ ಶಸ್ತ್ರವೈದ್ಯರು ಬಿಡಿಸಿದರೆ ನೂರಕ್ಕೆ ತೊಂಬತ್ತಕ್ಕೂ ಮೇಲೆ ಉಳಿಯುತ್ತದೆ. ಒಂದು ದಿನ ಕಳೆದರೆ ಬಹುತೇಕ ಹೋದಂತೆಯೇ. ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ವಸತಿನಿಲಯದ ಹುಡುಗನೊಬ್ಬ ಒಂದು ರಾತ್ರಿಯೆಲ್ಲ ಮೊಣಕಾಲು ಮಡಚಿಕೊಂಡು ನರಳಿದ. ಕೇಳಿದವರಿಗೆ ಹೊಟ್ಟೆನೋವು ಎಂದ. ನಾಚಿಕೆ ಅವನ ಬಾಯಿ ಕಟ್ಟಿತ್ತು. ಮರುದಿನ ಮಧ್ಯಾಹ್ನ ಜೇವರ್ಗಿ ದಾಟಿ, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿ ಸೇರುವಷ್ಟರಲ್ಲಿ ಒಂದು ವೃಷಣ ಕಪ್ಪಿಟ್ಟಿತ್ತು. ಇನ್ನೊಂದು ಉಳಿಯಿತು, ಅವನಿಗೆ ಈಗ ಇಬ್ಬರು ಮಕ್ಕಳು. ಒಂದಿದ್ದರೂ ಸಾಮಾನ್ಯವಾಗಿ ಸಾಕಾಗುತ್ತದೆ ಎಂಬುದು ಪ್ರಕೃತಿಯ ಔದಾರ್ಯ. ಆದರೂ ಆ ರಾತ್ರಿ “ಎಲ್ಲಿ ನೋವು, ಸರಿಯಾಗಿ ಹೇಳು” ಎಂದು ಪಕ್ಕದಲ್ಲಿ ಕೂತು ಕೇಳುವ ಹಿರಿಯರೊಬ್ಬರು ಅವನಿಗೆ ಬೇಕಾಗಿತ್ತು.

ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಬದುಕಿ ಉಳಿಯುವ ಹುಡುಗರು ಇಂದು ಮೊದಲಿಗಿಂತ ಹೆಚ್ಚು. ಇದು ಸಂತೋಷದ ಮಾತು. ಅವರಿಗೆ ಕೊಡುವ ಕೆಲವು ಔಷಧಗಳೂ ವೃಷಣಕ್ಕೆ ತಗಲುವ ವಿಕಿರಣವೂ ವೀರ್ಯದ ಮೂಲಕೋಶಗಳನ್ನು ಸುಟ್ಟುಬಿಡಬಲ್ಲವು. ಪ್ರಾಯಕ್ಕೆ ಬಂದ ಹುಡುಗನಾದರೆ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಶೀತದಲ್ಲಿ ಕಾದಿಡುವ ಉಪಾಯವುಂಟು. ಜೀವವೇ ತೂಗುಯ್ಯಾಲೆಯಲ್ಲಿರುವಾಗ ತಂದೆತಾಯಿಗಳಿಗೆ ಇದನ್ನು ಕೇಳಲು ಹೊಳೆಯುವುದಿಲ್ಲ. ಆದ್ದರಿಂದ ಹೊಳೆಯುವಂತೆ ಮೊದಲೇ ಹೇಳಿಡಬೇಕು.

ಇದನ್ನೆಲ್ಲ ಓದುತ್ತ ನಾನು ನಮ್ಮ ಹಳೆಯ ಗ್ರಂಥಗಳ ಕಡೆಗೂ ತಿರುಗಿದೆ. ಮಹಾಭಾರತ ಸಂತಾನವಿಲ್ಲದ ಗಂಡಸರ ಕಥೆಯಿಂದಲೇ ಬೆಳೆಯುತ್ತದೆ ಎಂದರೆ ತಪ್ಪಾಗದು. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ. ಶಾಪಗ್ರಸ್ತನಾದ ಪಾಂಡು ತಾನು ತಂದೆಯಾಗಲಾರೆನೆಂದು ಕುಂತಿಗೆ ತಾನೇ ಬಾಯಿಬಿಟ್ಟು ಹೇಳಿದ. ಕುಂತಿಯನ್ನು ಯಾರೂ ಬಂಜೆಯೆನ್ನಲಿಲ್ಲ. ಚರಕಸಂಹಿತೆ ಪುರುಷನ ಕೊರತೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಬೀಜೋಪಘಾತವೆಂಬುದನ್ನೂ ಧ್ವಜಭಂಗವೆಂಬುದನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಬೀಜಕ್ಕೆ ಏಟು ಬೀಳುವುದು ಬೇರೆ, ಪೌರುಷ ಸೋಲುವುದು ಬೇರೆ ಎಂಬ ವಿವೇಕ ಅಲ್ಲಿದೆ. ಇಷ್ಟನ್ನು ಬಲ್ಲ ನಾಡಿನಲ್ಲಿ ನನ್ನ ಅತ್ತಿಗೆಯ ಹನ್ನೆರಡು ವರ್ಷ ಗಿಡದ ಸುತ್ತ ಸವೆದು ಹೋಯಿತಲ್ಲ ಎಂದು ಮನಸ್ಸು ಕಹಿಯಾಗುತ್ತದೆ.

ಇಂದು ಸ್ಥಿತಿ ಅಷ್ಟು ನಿರಾಶೆಯದಲ್ಲ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಬರಬೇಕೆಂದಿದೆ. ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮತ್ತೆ ಬರುವ ಏರ್ಪಾಟನ್ನೂ ಮಾಡಿದ್ದಾರೆ. ಇಳಿಯದ ವೃಷಣವನ್ನು ಗುರುತಿಸಿ ವೈದ್ಯರ ಬಳಿಗೆ ಕಳುಹಿಸಬೇಕಾದ ಕಾಲವೂ ಸರಿಯಾಗಿ ಇದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಹೃದಯ, ಕಣ್ಣು, ಸೀಳುತುಟಿ, ತಿರುಚಿದ ಪಾದ ಎಂದು ಹಲವು ಬಗೆಯ ತೊಂದರೆಗಳ ರಾಷ್ಟ್ರೀಯ ಪಟ್ಟಿಯೇ ಅವರ ಕೈಯಲ್ಲಿದೆ. ಆ ಪಟ್ಟಿಯಲ್ಲಿ ಇಳಿಯದ ವೃಷಣದ ಹೆಸರಿಲ್ಲ. ಅದನ್ನು ಸೇರಿಸಿದರೆ ಪಟ್ಟಿ ಒಂದು ಸಾಲು ಉದ್ದವಾದೀತು, ಅಷ್ಟೇ.

ಪಟ್ಟಿಗೆ ಸೇರುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಮನೆಗಳಲ್ಲಿ ಬಾಣಂತಿಯ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಎರೆಯುವ ಅಜ್ಜಿ ಇದ್ದಾಳೆ. ಅವಳ ಕೈ ಕೂಸಿನ ಮೈಯ ಒಂದೊಂದು ಅಂಗುಲವನ್ನೂ ಬಲ್ಲದು. ಚಳಿಗೆ ವೃಷಣ ಮೇಲಕ್ಕೆ ಸೇದಿಕೊಳ್ಳುವುದು ಸಹಜ. ಬೆಚ್ಚನೆಯ ನೀರಿನಲ್ಲಿ ಚೀಲ ಸಡಿಲಿದಾಗ ನೋಡಿದರೆ ನಿಜ ತಿಳಿಯುತ್ತದೆ. ಆಗಲೂ ಒಂದು ಬದಿ ಖಾಲಿಯಿದ್ದರೆ ಮುಂದಿನ ಲಸಿಕೆಯ ದಿನ ಹೇಳಬೇಕು. ಆರು ತಿಂಗಳಾದರೂ ಹಾಗೇ ಇದ್ದರೆ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಬೇಕು. ಮದುವೆಯಾಗಿ ಒಂದು ವರ್ಷ ಕಳೆದರೂ ಮಕ್ಕಳಾಗದಿದ್ದರೆ ಗಂಡ ಹೆಂಡಿರಿಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ, ಒಂಟಿಯಾಗಿಯೋ ಹೆಣ್ಣಿನ ಕಾರಣದೊಡನೆ ಸೇರಿಯೋ, ಗಂಡಸಿನ ಕಾರಣವಿರುತ್ತದೆ. ಅವನ ಪರೀಕ್ಷೆಗೆ ಸೂಜಿ ಬೇಡ, ಕತ್ತಿ ಬೇಡ. ಅದನ್ನು ಮೊದಲು ಮಾಡಿಸದೆ ಹೆಣ್ಣಿನ ಒಡಲಿಗೆ ಉಪಕರಣ ಇಳಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಅಣ್ಣ 2016ರಲ್ಲಿ ತೀರಿಕೊಂಡ. 1993ರ ಆ ದಿನದ ಮಾತನ್ನು ಊರಲ್ಲಿ ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದ; ನಾನು ನಡೆಸಿದೆ. ಅದರ ಬೆಲೆ ಎರಡು ಊರುಗಳಲ್ಲಿ ಇಬ್ಬರು ಹೆಂಗಸರು ಮತ್ತೂ ಇಪ್ಪತ್ತಮೂರು ವರ್ಷ ಬಂಜೆಯರೆಂಬ ಹೆಸರನ್ನು ಹೊತ್ತದ್ದು. ಭಾಷೆ ಉಳಿಸಿಕೊಂಡದ್ದು ಧರ್ಮವೇ ಅಧರ್ಮವೇ ಎಂಬುದನ್ನು ನಾನು ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ. ಕರ್ಮ ಮುಗಿದ ಮೇಲೆ ಕಿರಿಯ ಅತ್ತಿಗೆಗೆ ನಿಜವನ್ನು ಹೇಳಿದೆ. ಅವಳು ಕೇಳಿ, ಎದ್ದು ಹೋಗಿ ದನಗಳಿಗೆ ನೀರಿಟ್ಟು ಬಂದಳು. ಆಮೇಲೆ ಹಿರಿಯ ಅತ್ತಿಗೆಯ ತವರಿಗೆ ಹೋದೆ.

ಆಕೆಗೆ ಆಗ ಅರವತ್ತರ ಸಮೀಪ. ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದಳು. ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಮೊರ ನಿಲ್ಲಿಸಿ ಕೇಳಿದಳು. ಬಯ್ಯಲಿಲ್ಲ, ಅಳಲೂ ಇಲ್ಲ. “ನನಗ ಅನುಮಾನ ಇತ್ತು ಮೈದುನಾ. ಆದ್ರ ಬಂಜಿ ಅನಿಸಿಕೊಂಡಾಕಿ ಮಾತು ಯಾರ ಕೇಳ್ತಾರ?” ಎಂದಳು. ರೊಟ್ಟಿ ಬಡಿದು ಉಣಬಡಿಸಿದಳು. ಈಚೆಗೆ ಈ ಲೇಖನ ಬರೆಯುವ ಮನಸ್ಸಾದಾಗ ಮತ್ತೆ ಹೋಗಿ ಒಪ್ಪಿಗೆ ಕೇಳಿದೆ. ಅವಳು ಹೇಳಿದ್ದು ಇಷ್ಟು: “ಬರಿ. ನನ್ನ ಹೆಸರು ಬ್ಯಾಡ. ಕೂಸಿಗಿ ಎರಿಯೋರಿಗಿ ತಿಳಿಯೋಹಂಗ ಬರಿ.”

1995ರ ಆ ಹುಡುಗ ಈಗ ಎಲ್ಲಿದ್ದಾನೋ ನಾನರಿಯೆ. ಎಲ್ಲಾದರೂ ಇದನ್ನು ಓದಿದರೆ, ಅವನ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಒಪ್ಪಿಸಿದ್ದೇನೆಂದು ತಿಳಿಯಲಿ. ಆ ಪದಕ್ಕೆ ಪುಲ್ಲಿಂಗವನ್ನು ನಾನಿನ್ನೂ ಕಂಡುಹಿಡಿದಿಲ್ಲ. ಹುಡುಕುವ ಮನಸ್ಸೂ ಈಗಿಲ್ಲ. ಸ್ತ್ರೀಲಿಂಗವನ್ನೂ ನಾವು ಆಡುವುದನ್ನು ಬಿಟ್ಟರೆ ಸಾಕೆನಿಸಿದೆ.